ಹ್ಯಾಗಿಸ್ ಅಂದ್ರೆ ಬೋಟಿನಾ? ಸ್ಕಾಟ್ಲೆಂಡ್ ಹೋಟೆಲ್ ಊಟ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಸ್ಕಾಟ್ಲೆಂಡ್‌ಗೆ ಬರೋರು, ಇಲ್ಲೇ ಓದ್ತಿರೋರು, ಮಕ್ಕಳು ಇಲ್ಲಿ ಕೆಲಸದಲ್ಲಿರೋ ಅಪ್ಪ-ಅಮ್ಮಂದಿರು, ಇಲ್ಲಿನ ಹೋಟೆಲ್ ಊಟದ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂದಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹ್ಯಾಗಿಸ್ ಬಗ್ಗೆನೇ, ಅಂದ್ರೆ ಕುರಿಯ ಒಳಗಿನ ಭಾಗಗಳಿಗೆ ಓಟ್ಸ್ ಸೇರಿಸಿ ಮಾಡೋ ಇಲ್ಲಿನ ಅಡುಗೆ. ಅದೇನು ತಪ್ಪಲ್ಲ ಬಿಡಿ, ನಾನೂ ತಿಪಟೂರಿಂದ ಎಡಿನ್‌ಬರೋಗೆ ಬಂದ ಹೊಸದ್ರಲ್ಲಿ ಮೊದಲು ಕೇಳಿದ್ದು ಅದನ್ನೇ.

ಪ್ರಶ್ನೆ: ಮಗ ಎಡಿನ್‌ಬರೋದಲ್ಲಿದ್ದಾನೆ, ಮುಂದಿನ ತಿಂಗಳು ನಾವು ಹೋಗ್ತಿದೀವಿ. ನಮ್ಮೆಜಮಾನ್ರ ಅರವತ್ತರ ಹುಟ್ಟುಹಬ್ಬಕ್ಕೆ ಅಂತ ಯಾವುದೋ ಪಕ್ಕಾ ಸ್ಕಾಟಿಷ್ ಹೋಟೆಲಲ್ಲಿ ಟೇಬಲ್ ಬುಕ್ ಮಾಡಿಬಿಟ್ಟಿದ್ದಾನೆ. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆನೂ ಮುಟ್ಟಲ್ಲ. ಅಲ್ಲಿ ಹೋಗಿ ನೀರು ಕುಡಿದು ಬರೋದಾ?
— ಓದುಗರು, ಮೈಸೂರು

ಅಮ್ಮಾ, ಹೊಟ್ಟೆ ತುಂಬಾ ಊಟನೇ ಮಾಡ್ಕೊಂಡು ಬನ್ನಿ, ಆದ್ರೆ ಸ್ವಲ್ಪ ಬಾಯಿಬಿಟ್ಟು ಕೇಳ್ಬೇಕು ಅಷ್ಟೆ. ಸಸ್ಯಾಹಾರಿ ಹ್ಯಾಗಿಸ್ ಅಂತಾನೇ ಇದೆ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಪೊಯಟ್ರಿ ಲೈಬ್ರರಿ ಶುರುವಾದಾಗ ಮ್ಯಾಕ್‌ಸ್ವೀನ್ ಅನ್ನೋ ಹ್ಯಾಗಿಸ್ ಮಾಡೋ ಮನೆತನದವ್ರು ಇದನ್ನ ಮಾಡಿದ್ರು, ಈಗ ಸ್ಕಾಟಿಷ್ ಊಟದ ಹೋಟೆಲ್‌ಗಳಲ್ಲಿ ಮಾಮೂಲಾಗಿ ಸಿಗುತ್ತೆ. ಓಟ್ಸ್, ಬೇಳೆ, ರಾಜ್ಮಾ ಥರ ಕಾಳು, ತರಕಾರಿ, ಮೆಣಸು, ಎಲ್ಲಾ ಸೇರಿಸಿ ಪುಡಿಪುಡಿಯಾಗಿ ಬೇಯಿಸಿದ್ದು. ಸುಳ್ಳು ಹೇಳಲ್ಲ, ನನಗೆ ಅದು ಮಾಂಸದ್ದಕ್ಕಿಂತ ಚೆನ್ನಾಗಿದೆ ಅನ್ಸುತ್ತೆ. ಜೊತೆಗೆ ನೀಪ್ಸ್, ಟ್ಯಾಟೀಸ್ ಅಂತ ಎರಡು ಗುಪ್ಪೆ ಇಡ್ತಾರೆ. ಟ್ಯಾಟೀಸ್ ಅಂದ್ರೆ ಆಲೂಗೆಡ್ಡೆ ಬೇಯಿಸಿ ಮಸೆದಿದ್ದು. ನೀಪ್ಸ್ ಅಂದ್ರೆ ಒಳಗೆ ಕಿತ್ತಳೆ ಹಳದಿ ಬಣ್ಣ ಇರೋ ದಪ್ಪ ಗೆಡ್ಡೆ, ಸ್ವಲ್ಪ ಸಿಹಿ, ನಮ್ಮ ನವಿಲುಕೋಸಿನ ದೂರದ ನೆಂಟ ಅಂದ್ಕೊಳ್ಳಿ.

ಈಗ ಎಡವೋ ಜಾಗಗಳು ಹೇಳ್ತೀನಿ. ಒಂದನೇದು ಲೆಂಟಿಲ್ ಸೂಪ್. ಹೆಸರು ನೋಡಿದ್ ತಕ್ಷಣ ಆಹಾ ಬೇಳೆ ಕಟ್ಟು, ನಮ್ದೇ ಸಾರು ಅನ್ಸುತ್ತೆ. ನಾನು ಬಂದ ಮೊದಲನೇ ಚಳಿಗಾಲದಲ್ಲಿ ಒಂದು ಹೋಟೆಲಲ್ಲಿ ಖುಷಿಯಾಗಿ ಆರ್ಡರ್ ಮಾಡಿ ಎರಡು ಚಮಚ ಕುಡಿದ ಮೇಲೆ ಗುಲಾಬಿ ಬಣ್ಣದ ಎಳೆ ಎಳೆ ಏನೋ ಸಿಕ್ತು, ಕೇಳಿದ್ರೆ ಹಂದಿ ಮಾಂಸ! ಇಲ್ಲಿ ಬೇಳೆ ಸೂಪನ್ನ ಹಂದಿ ಕಾಲಿನ ಮೂಳೆ ಹಾಕಿ ಕುದಿಸೋದೇ ಹಳೇ ಪದ್ಧತಿ, ಅವ್ರದ್ದೇನು ತಪ್ಪಿಲ್ಲ, ಕೇಳದೇ ಇದ್ದಿದ್ದು ನಾನು. ಈಗಿನ ಕಾಲದಲ್ಲಿ ತರಕಾರಿ ಸ್ಟಾಕಲ್ಲಿ, ಅಂದ್ರೆ ತರಕಾರಿ ಬೇಯಿಸಿದ ನೀರಲ್ಲಿ, ಮಾಡೋರೂ ತುಂಬಾ ಇದಾರೆ, ಕೇಳಿ ತಗೊಳ್ಳಿ. ಆಮೇಲೆ ಚಿಪ್ಸ್, ಇಲ್ಲಿ ಹಾಗಂದ್ರೆ ದಪ್ಪ ಫ್ರೆಂಚ್ ಫ್ರೈಸ್, ಕೆಲವು ಕಡೆ ದನದ ಕೊಬ್ಬಲ್ಲಿ ಕರೀತಾರೆ. ಸ್ಕರ್ಲಿ ಅಂತ ಓಟ್ಸ್ ತರಿಯನ್ನ ಈರುಳ್ಳಿ ಜೊತೆ ಹುರಿದು ಕೊಡ್ತಾರೆ, ಒಗ್ಗರಣೆ ಇಲ್ದಿರೋ ಉದುರು ಉಪ್ಪಿಟ್ಟು ಥರ, ಅದಕ್ಕೂ ಹಳೇ ಕ್ರಮದಲ್ಲಿ ಕೊಬ್ಬೇ. ಕ್ಲೂಟಿ ಡಂಪ್ಲಿಂಗ್ ಅಂತ ಬಟ್ಟೇಲಿ ಕಟ್ಟಿ ಬೇಯಿಸೋ ದ್ರಾಕ್ಷಿ ಕಡುಬಲ್ಲೂ ಸ್ಯೂಯೆಟ್ ಅಂತ ಪ್ರಾಣಿ ಕೊಬ್ಬು ಇರುತ್ತೆ.

ಇನ್ನೊಂದು ಮುಖ್ಯವಾದ್ದು, ತುಂಬಾ ಜನ ಇಲ್ಲೇ ಮೋಸ ಹೋಗೋದು. ಇಲ್ಲಿ ಕಾನೂನು ಪ್ರಕಾರ ಹೋಟೆಲ್‌ನವ್ರು 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡ್ಲೇಬೇಕು. ಅದ್ರಲ್ಲಿ ಮೊಟ್ಟೆ, ಹಾಲು, ಮೀನು ಎಲ್ಲಾ ಬರುತ್ತೆ, ಹಾಗಾಗಿ ಮೊಟ್ಟೆ ಇದ್ಯಾ ಇಲ್ವಾ ಅಂತ ಪಟ್ಟಿ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ದನದ ಕೊಬ್ಬು, ಹಂದಿ, ಕೋಳಿ ಸ್ಟಾಕು ಇವೆಲ್ಲಾ ಅಲರ್ಜಿ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಪಟ್ಟಿ ಕ್ಲೀನಾಗಿದೆ ಅಂತ ನಂಬ್ಕೊಂಡು ತಿನ್ಬೇಡಿ, ಬಾಯಲ್ಲೇ ಕೇಳಿ. ಮಗನಿಗೆ ಹೇಳಿ ಎರಡು ದಿನ ಮುಂಚೆ ಫೋನ್ ಮಾಡ್ಸಿ.

ಸಿಹಿಗೆ ಚಿಂತೆ ಇಲ್ಲ. ಕ್ರ್ಯಾನಕನ್ ಅಂತ ಕೆನೆ, ರಾಸ್ಪ್‌ಬೆರಿ, ಜೇನು, ಹುರಿದ ಓಟ್ಸ್ ಸೇರಿಸಿರ್ತಾರೆ, ಅದ್ರಲ್ಲಿ ವಿಸ್ಕಿ ಹಾಕೋದು ವಾಡಿಕೆ, ಬೇಡ ಅಂತ ಮೊದಲೇ ಹೇಳ್ಬೇಕು. ಶಾರ್ಟ್‌ಬ್ರೆಡ್ ಅಂದ್ರೆ ಮಾಮೂಲಾಗಿ ಬರೀ ಬೆಣ್ಣೆ, ಸಕ್ಕರೆ, ಹಿಟ್ಟು. ಕಾಫಿ ಜೊತೆ ಟ್ಯಾಬ್ಲೆಟ್ ಅಂತ ಒಂದು ತುಂಡು ಕೊಟ್ರೆ ಮಾತ್ರೆ ಅಂದ್ಕೊಂಡು ಗಾಬರಿ ಆಗ್ಬೇಡಿ, ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಕಾಯಿಸಿ ಕತ್ತರಿಸಿದ್ದು, ಥೇಟ್ ನಮ್ಮ ಬರ್ಫಿ. ನಮ್ಮಮ್ಮ ಬಂದಾಗ ಇದೊಂದನ್ನೇ ಅರ್ಧ ಸೂಟ್‌ಕೇಸ್ ತುಂಬ್ಕೊಂಡು ಹೋದ್ರು.

ಪ್ರಶ್ನೆ: ಅಕ್ಕ, ನಾವು ಬೋಟಿ, ತಲೆಕಾಲು ಎಲ್ಲಾ ತಿನ್ನೋ ಜನ ಕಣಕ್ಕ. ಹ್ಯಾಗಿಸ್ಸು ಅಂದ್ರೆ ಈ ಬೆಂಗಳೂರು ಹುಡುಗ್ರು ಮೂಗು ಮುರೀತಾರೆ. ಅದೇನು ನಮ್ ಬೋಟಿ ಗೊಜ್ಜಿಗಿಂತ ಜಾಸ್ತಿನಾ?
— ಓದುಗರು, ಮಂಡ್ಯ

ಮೂಗು ಮುರಿಯೋರು ಮುರೀಲಿ, ನೀವು ನಿಶ್ಚಿಂತೆಯಾಗಿ ಹೋಗಿ. ಕುರಿ ಗುಂಡಿಗೆ, ಲಿವರ್ರು, ಶ್ವಾಸಕೋಶ ಬೇಯಿಸಿ ಸಣ್ಣಗೆ ಕೊಚ್ಚಿ, ಓಟ್ಸ್ ತರಿ, ಕೊಬ್ಬು, ಈರುಳ್ಳಿ, ಉಪ್ಪು, ಮೆಣಸು ಕಲಸಿ, ಕುರಿ ಹೊಟ್ಟೆ ಚೀಲದಲ್ಲಿ ತುಂಬಿ ಬೇಯ್ಸೋದು, ಅದೇ ಹ್ಯಾಗಿಸ್. ಈಗ ಚೀಲ ಹೆಚ್ಚಾಗಿ ಬೇರೆ ಥರದ್ದು ಹಾಕ್ತಾರೆ, ಹೋಟೆಲಲ್ಲಂತೂ ಚೀಲ ನಿಮ್ಮ ತಟ್ಟೆಗೇ ಬರಲ್ಲ, ಒಳಗಿನದ್ದನ್ನ ಗುಂಡಗೆ ಅಚ್ಚು ಹಾಕಿ ಇಡ್ತಾರೆ. ಬೋಟಿ ಥರ ಜಗಿಯೋದಿಲ್ಲ, ರಸ ಇಲ್ಲ, ಒಣ ಕೈಮಾ ಥರ ಉದುರಾಗಿರುತ್ತೆ, ಮೆಣಸಿನ ಘಾಟು ಗಂಟಲಿಗೆ ಹಿತವಾಗಿ ಹತ್ತುತ್ತೆ. ಇಲ್ಲಿನ ಊಟದಲ್ಲಿ ಖಾರ ಅನ್ನೋದು ನಾಲಿಗೆಗೆ ಗೊತ್ತಾಗೋ ಅಪರೂಪದ ಐಟಂ ಇದು.

ನನಗೆ ಅನ್ಸೋದು ಏನಂದ್ರೆ, ಸ್ಕಾಟ್ಲೆಂಡ್ ಊಟ ನಮ್ಮ ಬಯಲುಸೀಮೆಯವ್ರಿಗೆ ಅರ್ಥ ಆದಷ್ಟು ಬೇರೆ ಯಾರಿಗೂ ಆಗಲ್ಲ. ಚಳಿ, ಮಳೆ, ಬಿಸಿಲು ಕಮ್ಮಿ, ಗೋಧಿ ಸರಿಯಾಗಿ ಬರಲ್ಲ, ಓಟ್ಸ್ ಬರುತ್ತೆ, ಅದೇ ಬಡವರ ಹೊಟ್ಟೆ ತುಂಬ್ಸಿದ್ದು. ಹಿಟ್ಟು ತಿಂದವ್ನು ಬೆಟ್ಟ ಕಿತ್ತಿಟ್ಟ ಅಂತ ನಾವು ರಾಗಿ ಬಗ್ಗೆ ಹೇಳ್ತೀವಲ್ಲ, ಇವ್ರ ರಾಗಿ ಓಟ್ಸು. ಕುರಿ ಕುಯ್ದ ಮೇಲೆ ಒಳ್ಳೇ ಮಾಂಸ ದುಡ್ಡಿದ್ದೋರಿಗೆ ಹೋಯ್ತು, ಬೇಗ ಕೆಡೋ ಒಳಗಿನ ಭಾಗಗಳು ಉಳೀತು, ಅದಕ್ಕೆ ಹಿಟ್ಟು ಸೇರ್ಸಿ ನಾಲ್ಕು ಜನಕ್ಕಾಗೋದನ್ನ ಎಂಟು ಜನಕ್ಕೆ ಮಾಡಿದ್ರು. ಮನೇಲಿ ಲಿವರ್ ಯಾರ ಪಾಲು ಅಂತ ಜಗಳ ಆಡಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ?

ಅಮೆರಿಕದಲ್ಲಿ ಮಾತ್ರ 1971ರಿಂದ ಊಟದಲ್ಲಿ ಶ್ವಾಸಕೋಶ ಬಳಸೋದಕ್ಕೆ ನಿಷೇಧ ಇರೋದ್ರಿಂದ ಅಲ್ಲಿಗೆ ಅಸಲಿ ಹ್ಯಾಗಿಸ್ ಹೋಗೋ ಹಾಗಿಲ್ಲ. ಇಲ್ಲಿ ಯಾರಾದ್ರೂ ನಿಮಗೆ ಹ್ಯಾಗಿಸ್ ಅನ್ನೋದು ಒಂದು ಪ್ರಾಣಿ, ಗುಡ್ಡ ಸುತ್ತಿ ಸುತ್ತಿ ಓಡಿ ಅದಕ್ಕೆ ಒಂದು ಕಡೆ ಕಾಲು ಗಿಡ್ಡ ಅಂತ ಗಂಭೀರವಾಗಿ ಹೇಳಿದ್ರೆ ತಲೆ ಆಡಿಸಿ ನಕ್ಕುಬಿಡಿ, ಟೂರಿಸ್ಟ್‌ಗಳಿಗೆಲ್ಲಾ ಇದೇ ಕಥೆ ಹೇಳಿ ಮಜಾ ತಗೋತಾರೆ. ಮೊದಲನೇ ಸಲ ಸ್ಟಾರ್ಟರ್ ಅಳತೇಲಿ ತಗೊಳ್ಳಿ. ಚಿಕನ್ ಬ್ಯಾಲ್ಮೋರಲ್ ಅಂತ ಕೋಳಿ ಎದೆ ಒಳಗೆ ಹ್ಯಾಗಿಸ್ ತುಂಬಿರೋದು ಸಿಗುತ್ತೆ, ಆದ್ರೆ ಹೊರಗಡೆ ಬೇಕನ್ ಸುತ್ತಿರ್ತಾರೆ, ಹಂದಿ ತಿನ್ನದೋರು ಹುಷಾರು. ಗ್ಲಾಸ್ಗೋ ಕಡೆ ಹೋದ್ರೆ ಹ್ಯಾಗಿಸ್ ಪಕೋಡ ಬಿಡ್ಬೇಡಿ. ಇಲ್ಲಿಗೆ ಬಂದು ನೆಲೆಸಿದ ಭಾರತ, ಪಾಕಿಸ್ತಾನದ ಕಡೆಯವ್ರ ಕೈರುಚಿ ಸೇರಿ ಹುಟ್ಟಿದ್ದು ಅದು.

ಪ್ರಶ್ನೆ: ನಮಗೆ ಮೀನು ಇಲ್ಲದೆ ಊಟ ಇಳಿಯುವುದಿಲ್ಲ. ಅಲ್ಲಿ ಮೀನಿನದ್ದು ಏನಾದರೂ ಒಳ್ಳೆಯದು ಉಂಟಾ ಮಾರಾಯ್ರೆ, ಅಥವಾ ಬರೀ ಫಿಶ್ ಆ್ಯಂಡ್ ಚಿಪ್ಸಾ?
— ಓದುಗರು, ಉಡುಪಿ

ಉಂಟು, ಬೇಕಾದಷ್ಟುಂಟು. ಕಲೆನ್ ಸ್ಕಿಂಕ್ ಅಂತ ಕೇಳಿ. ಕಲೆನ್ ಅನ್ನೋದು ಈಶಾನ್ಯ ಕರಾವಳಿಯ ಒಂದು ಮೀನುಗಾರರ ಊರು, ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗೆಡ್ಡೆ, ಈರುಳ್ಳಿ, ಹಾಲು ಹಾಕಿ ಮಾಡೋ ಗಟ್ಟಿ ಸೂಪು. ಮೀನಿಗೆ ಹಾಲಾ ಅಂತ ನಿಮ್ಮಜ್ಜಿ ಬಯ್ಯಬಹುದು, ಆದ್ರೆ ಹೊರಗೆ ಗಾಳಿ ಮಳೆ ಹೊಡೀತಿರೋವಾಗ ಆ ಹೊಗೆ ವಾಸನೆ, ಆ ಬಿಸಿ, ಒಂದು ಬಟ್ಟಲು ಕುಡಿದ್ರೆ ಸಾಕು ಮೈ ಬೆಚ್ಚಗಾಗುತ್ತೆ. ಇನ್ನೊಂದು ಆರ್‌ಬ್ರೋತ್ ಸ್ಮೋಕಿ. ಹ್ಯಾಡಕ್ ಮೀನನ್ನ ಜೋಡಿ ಜೋಡಿ ಬಾಲಕ್ಕೆ ದಾರ ಕಟ್ಟಿ, ಗಟ್ಟಿ ಮರದ ಬೆಂಕಿ ಮೇಲೆ ನೇತುಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚಿ ಹೊಗೇಲೇ ಬೇಯಿಸ್ತಾರೆ. ನಿಮ್ಮ ಮಟ್ಟು ಗುಳ್ಳಕ್ಕೆ ಜಿಐ ಟ್ಯಾಗ್ ಇದೆಯಲ್ಲ, ಹಾಗೇ ಇದಕ್ಕೂ 2004ರಿಂದ ರಕ್ಷಣೆ ಇದೆ, ಆರ್‌ಬ್ರೋತ್ ಊರಿನ ಸುತ್ತ 8 ಕಿಲೋಮೀಟರ್ ಒಳಗೆ ಮಾಡಿದ್ರೆ ಮಾತ್ರ ಆ ಹೆಸರು. ಬೆಣ್ಣೆ ಹಚ್ಚಿ ಬಿಸಿ ಮಾಡಿ ಕೊಡ್ತಾರೆ, ಮುಳ್ಳಿರುತ್ತೆ, ನಿಮಗೆ ಹೇಳ್ಕೊಡೋದು ಬೇಡ.

ಪ್ರಶ್ನೆ: ಅಕ್ಕಾರ, ನಾ ಗ್ಲಾಸ್ಗೋದಾಗ ಎಂಎಸ್ ಮಾಡಾಕತ್ತೀನಿ. ಅಪ್ಪ ಅವ್ವ ಬರಾಕತ್ಯಾರ, ಛಲೋ ಸ್ಕಾಟಿಷ್ ಹೋಟೆಲಿಗೆ ಕರ್ಕೊಂಡು ಹೋಗ್ಬೇಕಂತ ಆಸೆ ಐತಿ, ಖರೇ ಅಂದ್ರ ರೊಕ್ಕಿಲ್ಲ. ಏನ್ ಮಾಡ್ಲಿ?
— ವಿದ್ಯಾರ್ಥಿ, ಮೂಲ ಹುಬ್ಬಳ್ಳಿ

ತಮ್ಮಾ, ರಾತ್ರಿ ಎಂಟಕ್ಕೆ ಹೋಗ್ಬೇಡ. ಗ್ಲಾಸ್ಗೋದಲ್ಲಿ ಪ್ರೀ-ಥಿಯೇಟರ್ ಮೆನು ಅಂತ ಸಂಜೆ ಬೇಗ ಹೋದೋರಿಗೆ ಎರಡು ಮೂರು ಐಟಂ ಸೇರ್ಸಿ ಕಮ್ಮಿ ರೇಟಲ್ಲಿ ಕೊಡ್ತಾರೆ, ನಾಟಕಕ್ಕೇನು ಹೋಗ್ಬೇಕಿಲ್ಲ, ಟಿಕೆಟ್ ಯಾರೂ ಕೇಳಲ್ಲ. ಅದೇ ಅಡುಗೆಮನೆ, ಅದೇ ಅಡುಗೆ. ಮಧ್ಯಾಹ್ನದ ಮೆನುನೂ ಹಾಗೇ ಅಗ್ಗ. ನಿಮ್ಮೂರಲ್ಲೇ ಆ್ಯಶ್ಟನ್ ಲೇನಲ್ಲಿ ಯುಬಿಕ್ವಿಟಸ್ ಚಿಪ್ ಅಂತ 1971ರಲ್ಲಿ ಶುರುವಾದ ಹೋಟೆಲ್ ಇದೆ, ಸ್ಕಾಟ್ಲೆಂಡ್ ಅಂದ್ರೆ ಎಲ್ಲದಕ್ಕೂ ಚಿಪ್ಸೇ ಅನ್ನೋ ಕಾಲದಲ್ಲಿ ಅದನ್ನ ಗೇಲಿ ಮಾಡೋಕೆ ಅಂತಾನೇ ಆ ಹೆಸರಿಟ್ಟು, ಇಲ್ಲಿನದ್ದೇ ಮೀನು, ಜಿಂಕೆ ಮಾಂಸ, ಓಟ್ಸ್ ಇಟ್ಕೊಂಡು ಒಳ್ಳೇ ಊಟ ಕೊಡೋಕೆ ಶುರು ಮಾಡಿದ್ರು. ಹೊರಗಡೆ ಮೆನು ರೇಟ್ ನೋಡ್ಕೊಂಡು ಒಳಗೆ ಹೋಗು.

ನೀರಿಗೆ ದುಡ್ಡು ಕೊಡ್ಬೇಡ. ಸ್ಕಾಟ್ಲೆಂಡಲ್ಲಿ ಮದ್ಯ ಮಾರೋ ಲೈಸೆನ್ಸ್ ಇರೋ ಕಡೆ ನಲ್ಲಿ ನೀರು ಕೇಳಿದ್ರೆ ಫ್ರೀ ಕೊಡ್ಲೇಬೇಕು, ಕಾನೂನೇ ಇದೆ. ನೀರು ಅಂತ ಬರೀ ಹೇಳಿದ್ರೆ ಬಾಟ್ಲಿ ತಂದಿಡ್ಬೋದು, ಟ್ಯಾಪ್ ವಾಟರ್ ಅಂತ ಬಿಡಿಸಿ ಹೇಳು. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಸೇರಿದ್ಯಾ ನೋಡ್ಕೋ, ಸೇರಿದ್ರೆ ಮತ್ತೆ ಟಿಪ್ಸ್ ಬೇಡ. 2024ರ ಅಕ್ಟೋಬರ್‌ನಿಂದ ಆ ದುಡ್ಡು ಪೂರ್ತಿ ಕೆಲಸದೋರಿಗೇ ಹೋಗ್ಬೇಕು ಅಂತ ಕಾನೂನು ಬಂದಿದೆ, ಹಾಗಾಗಿ ಚೆನ್ನಾಗಿ ನೋಡ್ಕೊಂಡಿದ್ರೆ ಕೊಡೋಕೆ ಹಿಂಜರೀಬೇಡ.

ಅದೂ ಆಗಲ್ಲ ಅಂದ್ರೆ ಚಿಪ್ಪಿ ಅಂತ ಕರೆಯೋ ಫಿಶ್ ಆ್ಯಂಡ್ ಚಿಪ್ಸ್ ಅಂಗಡಿಗೆ ಹೋಗಿ ಹ್ಯಾಗಿಸ್ ಸಪ್ಪರ್ ಕೊಡ್ಸು. ಆ ಅಂಗಡೀಲಿ ಸಪ್ಪರ್ ಅಂದ್ರೆ ರಾತ್ರಿ ಊಟ ಅಲ್ಲ, ಜೊತೆಗೆ ಚಿಪ್ಸ್ ಬರುತ್ತೆ ಅಂತ ಅರ್ಥ. ಗ್ಲಾಸ್ಗೋದಲ್ಲಿ ಉಪ್ಪು-ವಿನೆಗರ್ ಹಾಕ್ತಾರೆ, ನಮ್ಮ ಎಡಿನ್‌ಬರೋದಲ್ಲಿ ಉಪ್ಪು-ಸಾಸು, ಇದಕ್ಕೆ ಎರಡೂರಿನೋರು ಧಾರವಾಡ ಪೇಡೆ ಹೆಚ್ಚೋ ಬೆಳಗಾವಿ ಕುಂದಾ ಹೆಚ್ಚೋ ಅನ್ನೋ ಹಾಗೆ ವಾದ ಮಾಡ್ತಾರೆ.

ಪ್ರಶ್ನೆ: ಆಫೀಸಲ್ಲಿ ಬರ್ನ್ಸ್ ಸಪ್ಪರ್‌ಗೆ ಕರೆದಿದ್ದಾರೆ. ಅದೇನು ಪೂಜೆನಾ ಊಟನಾ? ವಿಸ್ಕಿ ಕುಡೀಲೇಬೇಕಾ?
— ಓದುಗರು, ಅಬರ್ಡೀನ್

ಎರಡೂ ಅನ್ನಿ. ರಾಬರ್ಟ್ ಬರ್ನ್ಸ್ ಇಲ್ಲಿನ ರಾಷ್ಟ್ರಕವಿ ಇದ್ದ ಹಾಗೆ, ಹುಟ್ಟಿದ್ದು 1759ರ ಜನವರಿ 25, ಅದಕ್ಕೇ ಆ ದಿನದ ಆಸುಪಾಸಲ್ಲಿ ಊಟ. ಅವನ ಸ್ನೇಹಿತರು ಮೊದಲ ಸಲ ಸೇರಿ ಉಂಡಿದ್ದು 1801ರಲ್ಲಿ. ಹ್ಯಾಗಿಸನ್ನ ದೊಡ್ಡ ತಟ್ಟೇಲಿಟ್ಟು, ಮುಂದೆ ಬ್ಯಾಗ್‌ಪೈಪ್ ಊದ್ಕೊಂಡು ಮೆರವಣಿಗೇಲಿ ತರ್ತಾರೆ, ಎಲ್ರೂ ಎದ್ದು ನಿಂತು ಚಪ್ಪಾಳೆ ತಟ್ತಾರೆ, ಆಮೇಲೆ ಒಬ್ರು ಅದರ ಎದುರು ನಿಂತು ಬರ್ನ್ಸ್ ಹ್ಯಾಗಿಸ್ ಮೇಲೆ ಬರೆದ ಪದ್ಯ ಹೇಳ್ತಾರೆ, ಒಂದು ಸಾಲು ಬಂದಾಗ ಚಾಕು ಹಾಕಿ ಸರ್ರಂತ ಸೀಳ್ತಾರೆ, ಹಬೆ ಏಳುತ್ತೆ. ಅದು ಮುಗಿಯೋವರ್ಗೂ ತಿನ್ನೋಕೆ ಕೈ ಹಾಕ್ಬೇಡಿ, ನೈವೇದ್ಯಕ್ಕೆ ಮುಂಚೆ ಕಡುಬು ಎತ್ಕೊಂಡ ಹಾಗಾಗುತ್ತೆ. ಪದ್ಯ ಹಳೇ ಸ್ಕಾಟ್ಸ್ ಭಾಷೇಲಿ ಇರೋದ್ರಿಂದ ಪಕ್ಕದ ಇಂಗ್ಲಿಷ್‌ನವ್ರಿಗೂ ಅರ್ಧ ಅರ್ಥ ಆಗಿರಲ್ಲ, ನೀವೊಬ್ರೇ ಅಲ್ಲ.

ವಿಸ್ಕಿ ಬಲವಂತ ಇಲ್ಲ, ಟೋಸ್ಟ್‌ಗೆ ಯಾವ ಗ್ಲಾಸ್ ಎತ್ತಿದ್ರೂ ನಡೆಯುತ್ತೆ, ಕಿತ್ತಳೆ ಬಣ್ಣದ ಐರನ್ ಬ್ರೂ ಅನ್ನೋ ಸಾಫ್ಟ್ ಡ್ರಿಂಕ್ ಹಿಡ್ಕೊಂಡ್ರೆ ಅದೂ ಇಲ್ಲಿಂದೇ ಪಾನೀಯ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಕುಡಿಯೋರಾದ್ರೆ ಕಾರ್ ತಗೊಂಡು ಹೋಗ್ಬೇಡಿ, 2014ರ ಡಿಸೆಂಬರ್‌ನಿಂದ ಸ್ಕಾಟ್ಲೆಂಡಲ್ಲಿ ಮಿತಿ ಇಂಗ್ಲೆಂಡಿಗಿಂತ ಬಿಗಿ, 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ ಆಲ್ಕೋಹಾಲ್ ಅಷ್ಟೇ. ಮಾತಿಗೆ ವಿಷಯ ಬೇಕಂದ್ರೆ ಇದನ್ನ ಹೇಳಿ: ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಮೊದಲು ಬಿಡುಗಡೆ ಆಗಿದ್ದು 2004ರ ಆಗಸ್ಟಲ್ಲಿ, ಗ್ಲಾಸ್ಗೋದ ಒಂದು ಇಂಡಿಯನ್ ರೆಸ್ಟೋರೆಂಟಲ್ಲಿ. ತಿರುಪತಿಗೇ ಹೋಗಿ ಲಡ್ಡು ಮಾರಿದ ಹಾಗೆ! ನಾನು ಹೇಳಿದಾಗ್ಲೆಲ್ಲಾ ಟೇಬಲ್ ಪೂರ್ತಿ ನಗುತ್ತೆ.

ಪ್ರಶ್ನೆ: ಊಟ ಸಪ್ಪೆ ಅನ್ಸಿದ್ರೆ ಬ್ಯಾಗಿಂದ ಉಪ್ಪಿನಕಾಯಿ ತೆಗೀಬೋದಾ?
— ಓದುಗರು, ದಾವಣಗೆರೆ

ಬೇಡ ಕಣ್ರೀ. ಮೆಣಸಿನ ಪುಡಿ ಕೇಳಿ, ಸಾಸಿವೆ ಪೇಸ್ಟ್ ಕೇಳಿ, ಬ್ರೌನ್ ಸಾಸ್ ಕೇಳಿ, ಕೊಡ್ತಾರೆ. ನಮ್ಮ ಮಾವನವ್ರು ಒಂದ್ಸಲ ಕೇಳ್ದೇನೇ ಮಿಡಿ ಉಪ್ಪಿನಕಾಯಿ ಡಬ್ಬಿ ತೆಗೆದ್ರು, ಆ ಇಂಗಿನ ವಾಸನೆಗೆ ಮೂರು ಟೇಬಲ್‌ನೋರು ತಿರುಗಿ ನೋಡಿದ್ರು, ನಾನು ಮೇಜಿನ ಕೆಳಗೆ ಹೋಗೋದೊಂದು ಬಾಕಿ. ಸಪ್ಲೈಯರ್ ಹುಡುಗ ಮಾತ್ರ ಬಗ್ಗಿ ನೋಡಿ ಅದೇನು ಅಂತ ಕೇಳಿದ, ಮಾವ ಹ್ಯಾಗಿಸ್ ಮೇಲೆ ಒಂದು ಮಿಡಿ ಇಟ್ಟು ಅವನಿಗೇ ಚಮಚ ಕೊಟ್ರು. ಡ್ಯೂಟಿ ಮುಗಿದ್ಮೇಲೆ ತಿಂತೀನಿ ಅಂತ ಅದನ್ನ ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ಕೊಂಡು ಹೋದ.