ನಮ್ಮ ಕರಾವಳಿಯ ಮಳೆಗೆ ಯಾವ ಕ್ಯಾನ್ವಾಸ್ ಒಳ್ಳೆಯದು?

ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಕಲಿಯಲು ಶುರು ಮಾಡಿ ಆರು ತಿಂಗಳಾಯಿತು, ಮುಂದೆ ಆಯಿಲ್ ಪೇಂಟಿಂಗ್ ಕೂಡ ಮಾಡುವ ಆಸೆ ಇದೆ, ಮನೆ ಮಂಜೇಶ್ವರದಲ್ಲಿ, ಹತ್ತಿ ಕ್ಯಾನ್ವಾಸ್ ತೆಗೆದುಕೊಳ್ಳಲೋ ಲಿನನ್ ತೆಗೆದುಕೊಳ್ಳಲೋ ಎಂದು ಕೇಳಿದ್ದೀರಿ. ನನ್ನ ಮನೆ ಕುಂಬಳೆ ಹತ್ತಿರ. ಇಪ್ಪತ್ತು ವರ್ಷಗಳಿಂದ ಚಿತ್ರ ಬರೆಯುತ್ತಿದ್ದೇನೆ. ನೀವು ಊರಿನ ಹೆಸರು ಹೇಳಿದ್ದು ಒಳ್ಳೆಯದಾಯಿತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು. ಇಲ್ಲಿ ಕ್ಯಾನ್ವಾಸ್ ಆರಿಸುವಾಗ ಮಳೆಯನ್ನು ಮರೆತರೆ ಉಳಿದದ್ದೆಲ್ಲ ಸರಿ ಇದ್ದೂ ಪ್ರಯೋಜನವಿಲ್ಲ.

ನೇರವಾಗಿ ಹೇಳುವುದಾದರೆ, ಈಗ ನಿಮಗೆ ಹತ್ತಿಯದೇ ಸಾಕು. ಬಟ್ಟೆಯ ತೂಕ 280 ಜಿಎಸ್‌ಎಂಗಿಂತ ಕಡಿಮೆ ಇರಬಾರದು. ಅಂದರೆ ಒಂದು ಚದರ ಮೀಟರ್ ಬಟ್ಟೆ 280 ಗ್ರಾಂ ತೂಗಬೇಕು. ಒಂದು ವಿಷಯ ಗಮನಿಸಿ: ಕೆಲವರು ಬರೀ ಬಟ್ಟೆಯ ತೂಕ ಹೇಳುತ್ತಾರೆ, ಕೆಲವರು ಮೇಲೆ ಬಳಿದ ಬಿಳಿ ಲೇಪವನ್ನೂ ಸೇರಿಸಿ ಹೇಳುತ್ತಾರೆ. ಯಾವುದು ಅಂತ ಕೇಳಿಯೇ ಕೊಳ್ಳಿ. ಲಿನನ್ ಅಗಸೆ ಗಿಡದ ನಾರಿನದು. ಅದೇ ಗಿಡದ ಬೀಜದಿಂದಲೇ ಆಯಿಲ್ ಬಣ್ಣಕ್ಕೆ ಬೇಕಾದ ಎಣ್ಣೆಯೂ ಬರುತ್ತದೆ. ನಾರು ಉದ್ದ, ಬಲ ಜಾಸ್ತಿ, ಬೆಲೆಯೂ ಎಷ್ಟೋ ಪಟ್ಟು ಜಾಸ್ತಿ. ಕೈ ಪಳಗಿ, ಇದು ಉಳಿಯಬೇಕು ಅನ್ನಿಸುವ ಚಿತ್ರ ಬರೆಯುವ ದಿನ ಬಂದಾಗ ತೆಗೆದುಕೊಳ್ಳಿ.

ನೇಯ್ಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಸರಗೋಡು ಸೀರೆ ನೇಯುವ ಜಿಲ್ಲೆಯವರು ನಾವು, ಬಟ್ಟೆ ಮುಟ್ಟಿದರೆ ನಮಗೆ ಗೊತ್ತಾಗುತ್ತದೆ. ಮುಖಚಿತ್ರಕ್ಕೆ ನುಣುಪಾದ ನೇಯ್ಗೆ ಬೇಕು. ನೈಫ್‌ನಿಂದ, ಅಂದರೆ ಚಿತ್ರಕಾರರ ಚಪ್ಪಟೆ ಚಾಕುವಿನಿಂದ, ದಪ್ಪ ಬಣ್ಣ ಹಚ್ಚುವುದಾದರೆ ಒರಟು ನೇಯ್ಗೆ. ಎರಡಕ್ಕೂ ಆಗಬೇಕಾದರೆ ಮಧ್ಯಮ.

ಮಳೆಯ ವಿಷಯಕ್ಕೆ ಬರುತ್ತೇನೆ. ಶುರುವಿನ ವರ್ಷಗಳಲ್ಲಿ ಬೇಕಲ ಕೋಟೆಯದೊಂದು ದೊಡ್ಡ ಆಯಿಲ್ ಚಿತ್ರ ಮಾಡಿದ್ದೆ. ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಉದ್ದ. ಫ್ರೇಮಿನ ಮರ ತೆಳ್ಳಗೆ, ನಡುವೆ ಅಡ್ಡಪಟ್ಟಿ ಇರಲಿಲ್ಲ. ಅದನ್ನು ಪಡುವಣ ಬದಿಯ ಕೆಂಪುಕಲ್ಲಿನ ಗೋಡೆಗೆ ಒತ್ತಿ ತೂಗುಹಾಕಿದೆ. ಜೋರು ಮಳೆಯ ಆಟಿ ತಿಂಗಳು ಮುಗಿದ ಮೇಲೆ ತೆಗೆದು ನೋಡಿದರೆ ಹಿಂಭಾಗದ ತುಂಬ ಕಪ್ಪು ಬೂಷ್ಟು. ಒಂದು ಮೂಲೆ ತಿರುಚಿತ್ತು, ಬಟ್ಟೆ ಜೋತುಬಿದ್ದಿತ್ತು. ಮೂರು ತಿಂಗಳ ಕೆಲಸ ಅದು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಮಳೆಗಾಲದ ತಾಳಮದ್ದಳೆಯಲ್ಲಿ ಮದ್ದಳೆಯ ಶ್ರುತಿ ಇಳಿಯುವುದನ್ನು ನೀವೂ ಕೇಳಿರಬಹುದು. ಕ್ಯಾನ್ವಾಸಿನದೂ ಅದೇ ಪಾಡು. ತೇವ ಹೀರಿದಾಗ ಸಡಿಲವಾಗುತ್ತದೆ, ಒಣಗಿದಾಗ ಬಿಗಿಯಾಗುತ್ತದೆ. ಅಕ್ರಿಲಿಕ್ ಬಣ್ಣದ ಪದರ ಬಳುಕುತ್ತದೆ, ಹಾಗಾಗಿ ಸಹಿಸಿಕೊಳ್ಳುತ್ತದೆ. ಆಯಿಲ್ ಬಣ್ಣ ವರ್ಷ ಕಳೆದಂತೆ ಗಡುಸಾಗುತ್ತದೆ, ಅಡಿಯ ಬಟ್ಟೆ ಅಲುಗಾಡಿದರೆ ಬಿರುಕು ಬಿಡುತ್ತದೆ. ಅದಕ್ಕೇ ಫ್ರೇಮಿನ ಒಳಮೂಲೆಗಳಲ್ಲಿ ಸಣ್ಣ ಮರದ ಬೆಣೆ ಕೊಡುವ ಕ್ಯಾನ್ವಾಸ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಸಡಿಲವಾದಾಗ ಬೆಣೆಯನ್ನು ಮೆಲ್ಲಗೆ ತಟ್ಟಿದರೆ ಮತ್ತೆ ಬಿಗಿಯಾಗುತ್ತದೆ. ಎರಡಡಿಗಿಂತ ದೊಡ್ಡದಾದರೆ ಅಡ್ಡಪಟ್ಟಿ ಇರಲೇಬೇಕು.

ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಕ್ಯಾನ್ವಾಸನ್ನು ಸುಮ್ನೆ ಮುಂದಿನಿಂದ ನೋಡಿ ತರಬೇಡಿ. ತಿರುಗಿಸಿ. ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳಲ್ಲಿ ಬೆಳಕು ಕಂಡರೆ ಲೇಪ ತೆಳ್ಳಗಿದೆ ಎಂದರ್ಥ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪಿನಿಂದ ಅಳೆಯಿರಿ, ಎರಡು ಅಳತೆ ಒಂದೇ ಇದ್ದರೆ ಫ್ರೇಮ್ ಸರಿಯಾಗಿದೆ. ಮೂಸಿಯೂ ನೋಡಿ. ಗೋದಾಮಿನಲ್ಲಿ ಒಂದು ಮಳೆಗಾಲ ಕಳೆದ ಮಾಲಿಗೆ ಮುಗ್ಗಲು ವಾಸನೆ ಬಂದಿರುತ್ತದೆ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಆ ಬಿಳಿ ಲೇಪಕ್ಕೆ ಗೆಸ್ಸೋ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಬಟ್ಟೆಗಿಂತ ಇದೇ ಮುಖ್ಯ. ಕಡಿಮೆ ಬೆಲೆಯ ಕ್ಯಾನ್ವಾಸ್ ತಂದರೂ ಮನೆಯಲ್ಲಿ ಇನ್ನೆರಡು ಕೋಟ್ ಗೆಸ್ಸೋ ಹಚ್ಚಿದರೆ ಅದರ ಗುಣವೇ ಬದಲಾಗುತ್ತದೆ. ಮೊದಲ ಕೋಟ್ ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ನುಣುಪು ಬೇಕಿದ್ದರೆ ನಡುವೆ ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ. ಅಕ್ರಿಲಿಕ್‌ಗಾದರೆ ಒಣಗಿದ ಕೂಡಲೇ ಶುರು ಮಾಡಬಹುದು. ಆಯಿಲ್‌ಗಾದರೆ ಮೂರು ದಿನ ಬಿಡಿ, ಜೋರು ಮಳೆಯಿದ್ದರೆ ಒಂದು ವಾರ.

ಆಯಿಲ್ ಮಾಡುವ ಆಸೆ ಇದೆ ಅಂದಿರಿ ಅಲ್ವಾ, ಅದಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ಲೇಪವಿಲ್ಲದ ಕೋರಾ ಬಟ್ಟೆಯ ಮೇಲೆ ಆಯಿಲ್ ಬಣ್ಣ ಹಚ್ಚಬೇಡಿ. ಅಗಸೆ ಎಣ್ಣೆ ನಾರಿಗೆ ಇಳಿದು ನಿಧಾನಕ್ಕೆ ಅದನ್ನು ಸುಟ್ಟಂತೆ ಮಾಡುತ್ತದೆ. ವರ್ಷಗಳು ಕಳೆದಂತೆ ಬಟ್ಟೆ ಹಪ್ಪಳದ ಹಾಗೆ ಮುರಿಯುತ್ತದೆ. ಇನ್ನೊಂದು, 'ಆಯಿಲ್ ಪ್ರೈಮ್ಡ್' (ಎಣ್ಣೆಯ ಲೇಪದ್ದು) ಎಂದು ಬರೆದ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಮುಂದೊಂದು ದಿನ ಸಿಪ್ಪೆಯ ಹಾಗೆ ಏಳುತ್ತದೆ. 'ಯುನಿವರ್ಸಲ್' ಅಥವಾ ಅಕ್ರಿಲಿಕ್ ಲೇಪದ್ದು ಎರಡಕ್ಕೂ ಆಗುತ್ತದೆ.

ಚಿತ್ರ ಮುಗಿದ ಮೇಲೆ ಗೋಡೆಗೆ ತಾಗದಂತೆ ನೋಡಿಕೊಳ್ಳಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿಯ ಕಾರ್ಕಿನ ತುಂಡು ಅಂಟಿಸಿದರೆ ಗಾಳಿಯಾಡಲು ಜಾಗ ಸಿಗುತ್ತದೆ. ಮಳೆ ಬಡಿಯುವ ಗೋಡೆ ಬೇಡ, ಒಳಗೋಡೆ ಒಳ್ಳೆಯದು. ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲೆ ಇಡುವುದಂತೂ ಬೇಡವೇ ಬೇಡ, ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ.

ದಿನದ ಅಭ್ಯಾಸಕ್ಕೆ ಕ್ಯಾನ್ವಾಸ್ ಬೋರ್ಡ್ ಸಾಕು. ಜೋತುಬೀಳುವ ಚಿಂತೆ ಇಲ್ಲ. ಆದರೆ ಒಳಗಿರುವುದು ರಟ್ಟು, ನೀರು ಕುಡಿದರೆ ಬಾಗುತ್ತದೆ. ಹಿಂಬದಿಗೂ ಅಂಚಿಗೂ ಒಂದು ಕೋಟ್ ಗೆಸ್ಸೋ ಬಳಿದಿಡಿ.

ಮುಂದಿನ ಸಲ ರೈಲಿನಲ್ಲಿ ಮಂಗಳೂರಿಗೆ ಹೋದಾಗ 12x16 ಇಂಚಿನ ಎರಡು ಹತ್ತಿ ಕ್ಯಾನ್ವಾಸ್, ಒಂದು ಸಣ್ಣ ಡಬ್ಬಿ ಗೆಸ್ಸೋ ತನ್ನಿ. ಒಂದಕ್ಕೆ ಗೆಸ್ಸೋ ಹಚ್ಚಿ, ಇನ್ನೊಂದನ್ನು ತಂದ ಹಾಗೇ ಬಿಡಿ. ಎರಡರ ಮೇಲೂ ಒಂದೇ ಚಿತ್ರ ಬರೆಯಿರಿ. ಬ್ರಷ್ ಯಾವುದರ ಮೇಲೆ ಸಲೀಸಾಗಿ ಓಡಿತು ಎಂದು ನನಗೂ ತಿಳಿಸಿ.