ಅರ್ಧಕ್ಕೇ ನಿಲ್ಲುವ ಕಥೆ, ಉತ್ತರ ಕೊಡದ ಪತ್ರಿಕೆ, ದುಡ್ಡು ಕೇಳುವ ಪ್ರಕಾಶಕ: ಮೊದಲು ಯಾವುದನ್ನು ಸರಿಮಾಡಿಕೊಳ್ಳಲಿ?

ಬರೆಯಲು ಕೂತರೆ ಫೋನ್ ಕೈಗೆ ಬರುತ್ತದೆ, ನಾಲ್ಕನೇ ಪುಟಕ್ಕೆ ಕಥೆ ನಿಂತುಹೋಗುತ್ತದೆ, ಹೇಗೋ ಮುಗಿಸಿ ಕಳಿಸಿದ ಎರಡು ಕಥೆಗಳಿಗೆ ಆರು ತಿಂಗಳಿಂದ ಉತ್ತರವಿಲ್ಲ, ಈಗ ಪ್ರಕಾಶಕರೊಬ್ಬರು ದುಡ್ಡು ಕೊಟ್ಟರೆ ಸಂಕಲನ ತರುತ್ತೇನೆ ಅಂದಿದ್ದಾರೆ ಎಂದು ಕೇಳಿದ್ದೀರಿ. ಪ್ರಕಾಶಕರಿಗೆ ಸದ್ಯಕ್ಕೆ ಬೇಡ ಅನ್ನಿ. ಕಾರಣ ಕೆಳಗಿದೆ.

ಕಥೆಯನ್ನು ಟೈಪ್ ಮಾಡುವುದೂ ಫೋನಿನಲ್ಲೇ ಎಂದಿದ್ದೀರಲ್ಲ, ರೋಗದ ಬೇರು ಅಲ್ಲೇ ಇದೆ. ಬರೆಯುತ್ತಿರುವ ಸಾಲಿನ ಮೇಲೆಯೇ ವಾಟ್ಸಾಪ್ ಸಂದೇಶ ಬಂದು ಕೂತರೆ ಎಂಥ ಮನೋನಿಗ್ರಹವೂ ನಿಲ್ಲುವುದಿಲ್ಲ. ಮೊದಲ ಕರಡನ್ನು ಕೈಯಲ್ಲಿ ಬರೆಯಿರಿ. 200 ಪುಟದ ಒಂದು ನೋಟ್‌ಬುಕ್ ಸಾಕು. ಬಲಪುಟದಲ್ಲಿ ಕಥೆ, ಎಡಪುಟ ತಿದ್ದುವುದಕ್ಕೆ ಖಾಲಿ. ಒಂದು ಸಲ ಕೂತರೆ 40 ನಿಮಿಷ, ಫೋನ್ ಬೇರೆ ಕೋಣೆಯಲ್ಲಿ. ಸೈಲೆಂಟ್ ಮಾಡಿ ಮಗುಚಿಟ್ಟರೆ ಏನೂ ಪ್ರಯೋಜನವಿಲ್ಲ. ನಡುವೆ ಒಂದು ಪದವೋ ಬಸ್ಸಿನ ಹೊತ್ತೋ ತಿಳಿಯದಿದ್ದರೆ ಹುಡುಕಲು ಏಳಬೇಡಿ, ಅಲ್ಲೊಂದು ಇಂಟು ಗುರುತು ಹಾಕಿ ಮುಂದೆ ಹೋಗಿ. ಗೂಗಲ್‌ನಲ್ಲಿ ಒಂದೇ ಪದ ನೋಡಲು ಹೋದವರು ಅರ್ಧ ಗಂಟೆ ವಾಪಸು ಬರುವುದಿಲ್ಲ. ಮಾತಾಡಿ ಟೈಪ್ ಮಾಡಿಸುವ ಉಪಾಯವನ್ನು ಕಥೆಗೆ ಬಳಸಬೇಡಿ. ನಿಮ್ಮ ಪಾತ್ರದ ಆಡುಮಾತನ್ನು ಅದು ತನಗೆ ತೋಚಿದ ಹಾಗೆ ತಿದ್ದಿಬಿಡುತ್ತದೆ.

ಇನ್ನು ನಾಲ್ಕನೇ ಪುಟದ ವಿಷಯ. ಇದನ್ನು ಸ್ಫೂರ್ತಿಯ ಕೊರತೆ ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಅದು ಸರಕಿನ ಕೊರತೆ. ಹೊಸಬರ ಕಥೆಗಳು ಸಾಮಾನ್ಯವಾಗಿ ಮುಂಜಾವಿನಿಂದಲೋ ಮಳೆಯಿಂದಲೋ ಶುರುವಾಗುತ್ತವೆ, ಎರಡನೇ ಪುಟದಲ್ಲಿ ನಾಯಕ ಕಿಟಕಿಯ ಪಕ್ಕ ಕೂತು ಹಳೆಯದನ್ನು ನೆನೆಯುತ್ತಾನೆ. ನೆನಪು ತೀರುವ ಹೊತ್ತಿಗೆ ನಾಲ್ಕನೇ ಪುಟ. ಈಗಿನ ಕಾಲದಲ್ಲಿ ಅವನಿಗೆ ಮಾಡುವ ಕೆಲಸವೇ ಇಲ್ಲ, ಕಥೆ ಎಲ್ಲಿಗೆ ಹೋಗಬೇಕು? ಬರೆಯುವ ಮೊದಲು ಎರಡು ವಾಕ್ಯ ಬರೆದಿಟ್ಟುಕೊಳ್ಳಿ: ಈ ಮನುಷ್ಯನಿಗೆ ಇವತ್ತು ಸಂಜೆಯೊಳಗೆ ಏನು ಆಗಬೇಕಾಗಿದೆ, ಅದಕ್ಕೆ ಯಾರು ಅಡ್ಡ ಬರುತ್ತಾರೆ. ಆಮೇಲೆ ಕೊನೆಯ ದೃಶ್ಯವನ್ನು ಹತ್ತು ಸಾಲಿನಲ್ಲಿ ಒರಟಾಗಿ ಬರೆದುಬಿಡಿ. ಬರೆಯುತ್ತಾ ಅದು ಬದಲಾಗುತ್ತದೆ, ಆಗಲಿ. ಮೊದಲ ಐದಾರು ಕಥೆಗಳಿಗೆ ಮೂರು ಪಾತ್ರ, ಎರಡು ಜಾಗ, 1500ರಿಂದ 2000 ಪದ ಮೀರಬೇಡಿ. ದಿನದ ಬರವಣಿಗೆಯನ್ನು ದೃಶ್ಯ ಮುಗಿದಲ್ಲಿ ನಿಲ್ಲಿಸದೆ, ಮುಂದಿನ ಮಾತು ಏನೆಂದು ಗೊತ್ತಿರುವಲ್ಲಿ ನಡುವಾಕ್ಯದಲ್ಲೇ ನಿಲ್ಲಿಸಿ. ಮರುದಿನ ಖಾಲಿ ಹಾಳೆಯನ್ನು ನೋಡುತ್ತಾ ಕೂರುವುದು ತಪ್ಪುತ್ತದೆ.

ಅರ್ಧ ಬರೆದದ್ದನ್ನು ಫೇಸ್‌ಬುಕ್‌ಗೆ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ನಾಲ್ಕು ಜನ 'ಸೂಪರ್, ಮುಂದುವರಿಸಿ' ಅಂದರೆ ಬರೆಯುವ ಹಸಿವು ಅಲ್ಲಿಗೇ ತಣ್ಣಗಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಪತ್ರಿಕೆಗಳು ಕೇಳುವುದು ಅಪ್ರಕಟಿತ ಕಥೆಯನ್ನು. ಜಾಲತಾಣದಲ್ಲಿ, ಬ್ಲಾಗಿನಲ್ಲಿ, ಪ್ರತಿಲಿಪಿ ಎಂಬ ಕಥೆ ಓದುವ ಆ್ಯಪ್‌ನಲ್ಲಿ ಬಂದದ್ದನ್ನೂ ಪ್ರಕಟವಾದದ್ದೆಂದೇ ಲೆಕ್ಕ ಹಾಕುವವರು ಬಹಳ.

ಕರಡು ಮುಗಿದ ಮೇಲೆ ಹದಿನೈದು ದಿನ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆ ವಾಕ್ಯ ಕೆಟ್ಟಿದೆ ಎಂದರ್ಥ. ಹಾಸನದ ಅಜ್ಜಿ 'ನಾನು ಹೋಗುತ್ತಿದ್ದೇನೆ' ಎಂದು ಪಠ್ಯಪುಸ್ತಕದ ಹಾಗೆ ಮಾತಾಡಿದರೆ ಸಂಪಾದಕರು ಅಲ್ಲೇ ಕೈಬಿಡುತ್ತಾರೆ. ಸಾಲು ಸಾಲಿಗೂ ಮೂರು ಚುಕ್ಕಿ, ಆಶ್ಚರ್ಯಸೂಚಕ, ಅಗತ್ಯವಿಲ್ಲದ 'ಒಂದು' ಮತ್ತು 'ತನ್ನ' ಹೊಡೆದುಹಾಕಿ. ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳನ್ನು ಬೇರೆಯವರ ಕಣ್ಣಿಗೆ ತೋರಿಸಿ, ಬರೆದವರಿಗೆ ಅವು ಕಾಣುವುದಿಲ್ಲ.

ಟೈಪ್ ಮಾಡುವುದು ಈಗ, ಕಂಪ್ಯೂಟರಿನಲ್ಲಿ. ಪತ್ರಿಕೆ ಯುನಿಕೋಡ್ (ಫೋನ್, ಜಾಲತಾಣಗಳಲ್ಲಿ ಬಳಸುವ ಅಕ್ಷರ ವ್ಯವಸ್ಥೆ) ಕೇಳುತ್ತದೋ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರಶೈಲಿ) ಕೇಳುತ್ತದೋ ನೋಡಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಎಗರುತ್ತವೆ, ಹಾಗಾಗಿ ಪರಿವರ್ತಿಸಿದ ಕಡತವನ್ನು ಮತ್ತೊಮ್ಮೆ ಪೂರ್ತಿ ಓದಬೇಕು. ಅವರೇ ಕೇಳದ ಹೊರತು ಬರೀ ಪಿಡಿಎಫ್ ಕಳಿಸಬೇಡಿ, ಪುಟ ಕಟ್ಟುವವರಿಗೆ ಅದರಿಂದ ಉಪಯೋಗವಿಲ್ಲ. ಕಥೆಯ ಕಡತದಲ್ಲೇ ಹೆಸರು, ವಿಳಾಸ, ಫೋನ್ ಸಂಖ್ಯೆ, ಜೊತೆಗೆ 'ಸ್ವಂತ ರಚನೆ, ಅನುವಾದವಲ್ಲ, ಎಲ್ಲಿಯೂ ಪ್ರಕಟವಾಗಿಲ್ಲ' ಎಂಬ ಒಂದು ಸಾಲು. ಸ್ಪರ್ಧೆಯಾದರೆ ಉಲ್ಟಾ: ಕಥೆಯ ಮೇಲೆ ಹೆಸರು ಇರಬಾರದೆಂಬ ನಿಯಮ ಇರಬಹುದು, ಪ್ರಕಟಣೆ ನೋಡಿ. ಕಥೆಯ ತಿರುಳನ್ನು ವಿವರಿಸುವ ಪತ್ರ ಬೇಡವೇ ಬೇಡ.

ಸುಧಾ, ತರಂಗ ವಾರಪತ್ರಿಕೆಗಳು. ಮಯೂರ, ತುಷಾರ, ಕಸ್ತೂರಿ ಮಾಸಿಕಗಳು. ಕಳಿಸುವ ಮುನ್ನ ಆಯಾ ಪತ್ರಿಕೆಯ ಇತ್ತೀಚಿನ ನಾಲ್ಕು ಸಂಚಿಕೆ ಓದಿ ಕಥೆಯ ಉದ್ದ ಎಣಿಸಿ. ಮೂರು ಪುಟದ ಜಾಗಕ್ಕೆ ಎಂಟು ಪುಟದ ಕಥೆ ಹೋದರೆ ಗುಣದ ಪ್ರಶ್ನೆಯೇ ಏಳುವುದಿಲ್ಲ. ದೀಪಾವಳಿ, ಯುಗಾದಿ ವಿಶೇಷಾಂಕದ ಸ್ಪರ್ಧೆಗಳ ಕೊನೆಯ ದಿನಾಂಕ ಹಬ್ಬಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ತಿರಸ್ಕಾರದ ಪತ್ರ ಬರುವ ಕಾಲ ಹೋಯಿತು, ಈಗ ಮೌನವೇ ಉತ್ತರ. ನಾಲ್ಕು ತಿಂಗಳು ಕಾದು, 'ಈ ಕಥೆಯನ್ನು ಹಿಂಪಡೆಯುತ್ತಿದ್ದೇನೆ' ಎಂದು ಎರಡು ಸಾಲು ಮೇಲ್ ಮಾಡಿ, ಆಮೇಲಷ್ಟೇ ಇನ್ನೊಂದು ಕಡೆಗೆ. ನಿಮ್ಮ ಆ ಎರಡು ಕಥೆಗಳಿಗೂ ಈಗ ಅದನ್ನೇ ಮಾಡಿ. ಒಂದೇ ಕಥೆ ಎರಡು ಕಡೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚಿದವು.

ಈಗ ಪುಸ್ತಕ. ಡೆಮಿ 1/8 ಆಕಾರದಲ್ಲಿ (ಕಥೆ ಪುಸ್ತಕಗಳ ಸಾಮಾನ್ಯ ಅಳತೆ) ಪುಟಕ್ಕೆ ಸುಮಾರು 200 ಪದ ಹಿಡಿದರೆ, 2000 ಪದದ 12 ಕಥೆ 120 ಪುಟ, ಮುನ್ನುಡಿ ಸೇರಿ 128, ಅಂದರೆ 16 ಪುಟದ 8 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ನಿಮ್ಮ ಬಳಿ ಇರುವುದು ಎರಡು ಕಥೆ. ಬೇಡ ಅಂದಿದ್ದು ಇದಕ್ಕೇ. ಹನ್ನೆರಡು ಕೂಡಿದ ದಿನ ದುಡ್ಡು ಕೊಡದ ದಾರಿಗಳನ್ನು ಮೊದಲು ನೋಡಿ: ಛಂದ ಪುಸ್ತಕ ಪ್ರಕಾಶನ ಮೊದಲ ಕಥಾಸಂಕಲನದವರಿಗೆಂದೇ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದೆ, ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ. ವಯಸ್ಸಿನ ಮಿತಿಯನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಆಗಲೂ ದುಡ್ಡು ಕೊಟ್ಟೇ ಮಾಡಿಸುತ್ತೀರಾದರೆ ಎಷ್ಟು ಪ್ರತಿ, ಯಾವ ಕಾಗದ (70 ಜಿಎಸ್‌ಎಂ ದಪ್ಪದ ಮ್ಯಾಪ್ಲಿಥೋ ಎಂಬ ಬಿಳಿ ಕಾಗದ ಸಾಮಾನ್ಯ), ನಿಮ್ಮ ಕೈಗೆ ಎಷ್ಟು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋದರೆ ಆ ಹಣ ಯಾರಿಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಐಎಸ್‌ಬಿಎನ್‌ಗೆ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬೇರೆ ಶುಲ್ಕ ಹಾಕಿದ್ದರೆ ಒಪ್ಪಬೇಡಿ, ಭಾರತದಲ್ಲಿ ಅದನ್ನು ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಕರಾರಿನಲ್ಲಿ 'ಎಲ್ಲ ಹಕ್ಕುಗಳೂ ಪ್ರಕಾಶಕರಿಗೆ' ಎಂಬ ಸಾಲಿದ್ದರೆ ಹೊಡೆಸಿ, ಮೊದಲ ಮುದ್ರಣದ ಹಕ್ಕು ಎಂದು ಬರೆಸಿ, ಅವಧಿಯನ್ನೂ ನಮೂದಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷ ಎಂದು ಲೆಕ್ಕ.