ಸ್ನಾನದ ಕೋಣೆಯ ಸಾಕೆಟ್ ಇರುವುದು ಕ್ಷೌರಕ್ಕೆ: ಕ್ರೂಸ್ ಪ್ರಯಾಣಿಕರ ಪ್ರಶ್ನೆಗಳಿಗೆ ಹಡಗಿನ ವಿದ್ಯುತ್ ತಜ್ಞರ ಉತ್ತರ

ರಜೆಯ ದಿನಗಳು ಹತ್ತಿರವಾದಂತೆ ನನಗೆ ಬರುವ ಪತ್ರಗಳೆಲ್ಲ ಒಂದೇ ಕಡೆಗೆ, ಅಂದರೆ ಕ್ಯಾಬಿನ್ನಿನ ಸ್ನಾನದ ಕೋಣೆಯಲ್ಲಿ ಕನ್ನಡಿಯ ಪಕ್ಕದಲ್ಲಿರುವ ಪುಟ್ಟ ಸಾಕೆಟ್ಟಿನ ಕಡೆಗೆ ತಿರುಗುತ್ತವೆ. ಮುಂಬೈನಿಂದ ಹೊರಡುವವರಿರಲಿ, ಸಿಂಗಾಪುರಕ್ಕೆ ಹೋಗಿ ಹಡಗು ಹತ್ತುವವರಿರಲಿ, ಅಮೆರಿಕದಲ್ಲಿರುವ ಮಕ್ಕಳೊಂದಿಗೆ ಅಲಾಸ್ಕಾ ನೋಡಲು ಹೊರಟ ಹಿರಿಯರಿರಲಿ, ಕೇಳುವುದು ಅದೇ ಪ್ರಶ್ನೆ. ಹಡಗುಗಳ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದ ನಾನು ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಅಡಾಪ್ಟರ್ ಎಲ್ಲಿ ಸಿಗುತ್ತದೆ, ಯಾವುದು ಅಗ್ಗ ಎಂಬುದನ್ನು ಅಂಗಡಿಯವರನ್ನು ಕೇಳಿ.

ಪ್ರಶ್ನೆ: ನಾವು ದಂಪತಿ ಸಿಂಗಾಪುರದಿಂದ ಕ್ರೂಸ್ ಹೋಗುತ್ತಿದ್ದೇವೆ. ಸ್ನಾನದ ಕೋಣೆಯ ಸಾಕೆಟ್ಟಿನ ಮೇಲೆ 'ಶೇವರ್ ಮಾತ್ರ' ಎಂದು ಬರೆದಿರುತ್ತದಂತೆ. ಯೂನಿವರ್ಸಲ್ ಅಡಾಪ್ಟರ್ ಇದ್ದರೆ ಹೇರ್ ಡ್ರೈಯರನ್ನೂ, ಬೆಳಗಿನ ಕಾಫಿಗೆ ನೀರು ಕಾಯಿಸುವ ಚಿಕ್ಕ ರಾಡನ್ನೂ ಅಲ್ಲೇ ಹಾಕಿಕೊಳ್ಳಬಹುದು ಎಂದು ಟೂರ್ ಏಜೆಂಟರು ಹೇಳುತ್ತಾರೆ. ನಿಜವೇ? (ಮೈಸೂರಿನ ಓದುಗರು)

ನಿಜವಲ್ಲ. ನಿಮ್ಮ ಏಜೆಂಟರು ಟಿಕೆಟ್ ಮಾರಲಿ, ವಿದ್ಯುತ್ತಿನ ವಿಚಾರದಲ್ಲಿ ಬಾಯಿ ಹಾಕುವುದು ಬೇಡ. ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರವನ್ನು ಮಾತ್ರ. ಸಾಕೆಟ್ಟಿನ ಹಿಂದೆ ಎಷ್ಟು ಶಕ್ತಿ ಇದೆ ಎಂಬುದನ್ನು ಅದು ಬದಲಾಯಿಸಲಾರದು.

ಆ ಸಾಕೆಟ್ಟಿನ ಹಿಂದೆ ಪ್ರತ್ಯೇಕಿಸುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕುಳಿತಿರುತ್ತದೆ. ಶೇವರ್ ಸಾಕೆಟ್ಟುಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರ ಸಾಮರ್ಥ್ಯ 20ರಿಂದ 50 ವೋಲ್ಟ್-ಆಂಪಿಯರ್, ಹೆಚ್ಚುಕಡಿಮೆ ಅಷ್ಟೇ ವ್ಯಾಟ್ ಎಂದುಕೊಳ್ಳಿ. ನಿಮ್ಮ ಹೇರ್ ಡ್ರೈಯರಿನ ತಳದಲ್ಲಿ 1200 ವ್ಯಾಟ್ ಎಂದಿದ್ದರೆ, 20ರ ಟ್ರಾನ್ಸ್‌ಫಾರ್ಮರಿನಿಂದ ಅದರ ಅರುವತ್ತು ಪಟ್ಟು ಕೆಲಸವನ್ನು ನೀವು ಕೇಳುತ್ತಿದ್ದೀರಿ ಎಂದಾಯಿತು. ಹೆಚ್ಚಿನ ಸಂದರ್ಭಗಳಲ್ಲಿ ಬಿಸಿ ಮಿತಿಮೀರದಂತೆ ಕಾಯುವ ಒಳಗಿನ ಉಷ್ಣರಕ್ಷಕ ಕೂಡಲೇ ಸಂಪರ್ಕ ಕಡಿದು ಸಾಕೆಟ್ ಸತ್ತಂತಾಗುತ್ತದೆ, ಆಮೇಲೆ 'ನಮ್ಮ ಸಾಕೆಟ್ ಕೆಟ್ಟಿದೆ' ಎಂಬ ದೂರು ರಿಸೆಪ್ಷನ್‌ಗೆ ಹೋಗುತ್ತದೆ. ಕೆಟ್ಟದ್ದು ಸಾಕೆಟ್ ಅಲ್ಲ ಎಂದು ದೂರು ಕೊಟ್ಟವರಿಗೆ ವಿವರಿಸುವುದೇ ಎಷ್ಟೋ ಬೆಳಗುಗಳಲ್ಲಿ ನನ್ನ ಮೊದಲ ಕೆಲಸವಾಗಿರುತ್ತಿತ್ತು.

ಇಷ್ಟು ಚಿಕ್ಕದಾಗಿ ಏಕೆ ಮಾಡಿದ್ದಾರೆ, ಕಂಪನಿಯವರ ಜಿಪುಣತನವೇ ಎಂದು ಕೇಳುವವರಿದ್ದಾರೆ. ಅಲ್ಲ, ಕಾರಣ ಸುರಕ್ಷತೆ. ಮನೆಯಲ್ಲಿ ನಮಗೆ ಬರುವ ಎರಡು ತಂತಿಗಳಲ್ಲಿ ನ್ಯೂಟ್ರಲ್ ತಂತಿಯನ್ನು ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಜೋಡಿಸಿರುತ್ತಾರೆ. ಆದ್ದರಿಂದ ಒದ್ದೆ ನೆಲದ ಮೇಲೆ ನಿಂತವರು ಫೇಸ್ ತಂತಿಯನ್ನು ಮುಟ್ಟಿದರೆ ವಿದ್ಯುತ್ತು ಅವರ ದೇಹದ ಮೂಲಕ ನೆಲಕ್ಕಿಳಿದು ಮರಳಿ ಹೋಗಲು ದಾರಿ ಸಿಗುತ್ತದೆ. ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ಎರಡು ತಂತಿಗಳಲ್ಲಿ ಯಾವುದಕ್ಕೂ ಭೂಮಿಯ ಜೊತೆ ಸಂಬಂಧವಿಲ್ಲದಿರುವುದರಿಂದ, ಒಂದನ್ನು ಮುಟ್ಟಿದ ಮಾತ್ರಕ್ಕೆ ಆ ದಾರಿ ಪೂರ್ಣವಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಮಾತ್ರ ಅದು ಕಾಪಾಡುವುದಿಲ್ಲ ಎಂಬುದು ನೆನಪಿರಲಿ. ಸುತ್ತ ನೀರು, ಕಾಲಡಿಯಲ್ಲಿ ಉಕ್ಕು, ಕಾರ್ಖಾನೆಯಲ್ಲೇ ಪೆಟ್ಟಿಗೆಯಂತೆ ಸಿದ್ಧಪಡಿಸಿ ಹಡಗಿನೊಳಗೆ ತಂದು ಕೂರಿಸಿದ ಲೋಹದ ಗೋಡೆಗಳು. ಇಂಥ ಜಾಗದಲ್ಲಿ ದೊಡ್ಡ ಉಪಕರಣ ಬಂದು ಕೂರಲೇಬಾರದು ಎಂಬ ಉದ್ದೇಶದಿಂದಲೇ ಅದನ್ನು ಚಿಕ್ಕದಾಗಿಟ್ಟಿದ್ದಾರೆ.

ನಿಜವಾದ ಅಪಾಯ ಆರಂಭವಾಗುವುದು ಆ ಸಾಕೆಟ್ ಕೈಕೊಟ್ಟ ನಂತರ. ಹಟ ಬಿಡದವರು ಬರೆಯುವ ಮೇಜಿನ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ತಂತಿ ಎಳೆದು, ಸ್ನಾನದ ಕೋಣೆಯ ಎತ್ತರದ ಹೊಸ್ತಿಲನ್ನು ದಾಟಿಸಿ, ಬಾಗಿಲಿನ ಸಂದಿಯಲ್ಲಿ ಜಜ್ಜಿಸಿಕೊಂಡು, ವಾಷ್ ಬೇಸಿನ್ನಿನ ಅಂಚಿನ ಮೇಲೆ ಡ್ರೈಯರ್ ಇಡುತ್ತಾರೆ. ಮೇಜಿನ ಸಾಕೆಟ್ಟಿಗೆ ಮೇಲೆ ಹೇಳಿದ ಟ್ರಾನ್ಸ್‌ಫಾರ್ಮರಿನ ರಕ್ಷಣೆ ಇಲ್ಲ, ಹಡಗು ಓಲಾಡುವುದಕ್ಕೆ ನಿಮ್ಮ ಅನುಮತಿ ಕೇಳುವುದೂ ಇಲ್ಲ. ಡ್ರೈಯರನ್ನು ಮನೆಯಿಂದ ಹೊರುವುದೇ ಅನವಶ್ಯಕ. ಬಹುತೇಕ ಹಡಗುಗಳಲ್ಲಿ ಅದು ಮೇಜಿನ ಡ್ರಾಯರಿನಲ್ಲೇ ಇರುತ್ತದೆ. ಅಲ್ಲಿನ ಕನ್ನಡಿಯ ಮುಂದೆ ಕುಳಿತೇ ತಲೆ ಒಣಗಿಸಿಕೊಳ್ಳಿ.

ಅಮೆರಿಕದಿಂದ ಬರುವವರಿಗೆ ಇನ್ನೊಂದು ಮಾತು: ಮೇಜಿನ ಬಳಿ ಹೆಚ್ಚಾಗಿ 110 ವೋಲ್ಟಿನ ಚಪ್ಪಟೆ ಪಿನ್ನಿನ ಸಾಕೆಟ್ಟೂ 220 ವೋಲ್ಟಿನ ದುಂಡು ಪಿನ್ನಿನ ಸಾಕೆಟ್ಟೂ ಅಕ್ಕಪಕ್ಕದಲ್ಲಿರುತ್ತವೆ. ಅಮೆರಿಕದ 1875 ವ್ಯಾಟಿನ ಡ್ರೈಯರನ್ನು ಅಡಾಪ್ಟರ್ ಸಿಕ್ಕಿಸಿ ಎರಡನೆಯದಕ್ಕೆ ಹಾಕಿದರೆ ಅದು ಮೂರು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಎಳೆಯಲು ಹೊರಟು, ಒಂದೋ ಬ್ರೇಕರ್ ಬೀಳುತ್ತದೆ, ಇಲ್ಲವೇ ಡ್ರೈಯರ್ ಹೊಗೆಯಾಡುತ್ತದೆ.

ಇನ್ನು ರಾಡ್. ನೀರು ಕಾಯಿಸುವ ರಾಡ್, ಕೆಟಲ್, ಇಸ್ತ್ರಿಪೆಟ್ಟಿಗೆ ಇವೆಲ್ಲ ಸಾಮಾನ್ಯವಾಗಿ ಎಲ್ಲ ಕ್ರೂಸ್ ಕಂಪನಿಗಳ ನಿಷೇಧಿತ ಪಟ್ಟಿಯಲ್ಲಿವೆ, ಇರಬೇಕಾದದ್ದೂ ಹಾಗೆಯೇ. ನಮ್ಮೂರಿನ 1000 ವ್ಯಾಟಿನ ರಾಡನ್ನು 110 ವೋಲ್ಟಿಗೆ ಹಾಕಿದರೆ ಸಿಗುವುದು ಸುಮಾರು 230 ವ್ಯಾಟ್ ಮಾತ್ರ. ನೀರು ಬೇಗ ಕಾಯದು. ಕಾಯುವವರೆಗೆ ಏಕೆ ನಿಲ್ಲಬೇಕೆಂದು ಮನುಷ್ಯ ಡೆಕ್ಕಿಗೆ ಹೋಗಿ ಸಮುದ್ರ ನೋಡುತ್ತಾನೆ. ಇತ್ತ ಲೋಟ ಮಗುಚುತ್ತದೆ, ನೀರಿಲ್ಲದ ರಾಡ್ ವಿಪರೀತ ಕಾಯತೊಡಗುತ್ತದೆ. ನಡು ಸಮುದ್ರಕ್ಕೆ ಅಗ್ನಿಶಾಮಕ ದಳ ಬರುವುದಿಲ್ಲ. ನಿಮಗೆ ಊಟ ಬಡಿಸಿದ ಸಿಬ್ಬಂದಿಯೂ ಬೆಂಕಿ ಆರಿಸುವ ತಂಡದಲ್ಲಿರಬಹುದು. 2006ರ ಮಾರ್ಚ್ 23ರಂದು ಜಮೈಕಾ ಸಮೀಪ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಒಂದು ಬಾಲ್ಕನಿಯಲ್ಲಿ ಹೊತ್ತಿದ ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿ ಒಬ್ಬ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಎಸೆದ ಸಿಗರೇಟಿನ ತುಂಡೇ ಅದರ ಕಾರಣವಿರಬಹುದು ಎಂದು ತನಿಖೆಯಲ್ಲಿ ಕಂಡುಬಂತು. ಒಂದು ಸಿಗರೇಟಿನ ತುಂಡಿಗೆ ಅಷ್ಟು ಸಾಧ್ಯವಾದರೆ ನಿಮ್ಮ ರಾಡಿಗೆ ಎಷ್ಟು ಸಾಧ್ಯ ಎಂದು ಯೋಚಿಸಿ.

ಬಿಸಿನೀರು ಸುರಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳನ್ನು ಒಯ್ಯುವವರು ಒಂದು ಒಳ್ಳೆಯ ಫ್ಲಾಸ್ಕ್ ಒಯ್ಯಲಿ. ಬಫೆಯಲ್ಲಿ ಬಿಸಿನೀರಿಗೆ ದುಡ್ಡು ಕೇಳುವುದಿಲ್ಲ; ಕ್ಯಾಬಿನ್ ಸ್ಟೀವರ್ಡನ್ನು ವಿನಯದಿಂದ ಕೇಳಿದರೆ ಬಾಗಿಲಿಗೇ ತಂದುಕೊಡುತ್ತಾರೆ. ಕೆಟಲನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಸಾಗಿಸುವುದು ಹೇಗೆಂದು ವಿಡಿಯೊಗಳಲ್ಲಿ ಪಾಠ ಹೇಳುವ ಮಹಾನುಭಾವರಿಗೆ ಎಕ್ಸ್-ರೇ ಯಂತ್ರದ ವಿಷಯ ತಿಳಿದಂತಿಲ್ಲ: ಲೋಹದ ಕಾಯಿಲ್ ಅದರ ಪರದೆಯ ಮೇಲೆ ಸೀರೆಗಿಂತ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯ ತೂತಿಗೆ ಪೆನ್ನು ತುರುಕಿ, ಒಳಗಿನ ಮುಚ್ಚಳ ಸರಿಸಿ, ಎರಡು ಪಿನ್ನಿನ ಪ್ಲಗ್ ಒತ್ತುವ ನಮ್ಮ ಊರಿನ ವಿದ್ಯೆಯನ್ನೂ ಊರಿನಲ್ಲೇ ಬಿಟ್ಟುಬನ್ನಿ. ಊರಿನಲ್ಲೂ ಅದನ್ನು ಬಿಡುವುದೇ ಮೇಲು.

ಪ್ರಶ್ನೆ: ಸ್ಪೈಕ್ ಬಸ್ಟರ್ ಸುರಕ್ಷತೆಗಾಗಿಯೇ ಇರುವುದಲ್ಲವೇ? ಹಡಗು ಹತ್ತುವಾಗ ಅದನ್ನೇಕೆ ಕಿತ್ತುಕೊಳ್ಳುತ್ತಾರೆ? (ಹುಬ್ಬಳ್ಳಿಯ ಓದುಗರು)

ದಡದ ಮೇಲೆ ಅದು ಸುರಕ್ಷತೆ, ಹಡಗಿನಲ್ಲಿ ಅದೇ ಅಪಾಯ. ಹಡಗುಗಳ ವಿತರಣಾ ವ್ಯವಸ್ಥೆಯನ್ನು ಸಾಮಾನ್ಯವಾಗಿ ಹಡಗಿನ ಒಡಲಿಗೆ ಜೋಡಿಸದೆ ಬೇರ್ಪಡಿಸಿ ಇಟ್ಟಿರುತ್ತಾರೆ. ಎಲ್ಲೋ ಒಂದು ತಂತಿ ಒಡಲಿಗೆ ತಗುಲಿದರೂ ದೀಪ ಆರದೆ ಕೆಲಸ ನಡೆಯಲಿ ಎಂಬುದು ಅದರ ಉದ್ದೇಶ. ಆದರೆ ಹಾಗೆ ತಗುಲಿದಾಗ ಇನ್ನೊಂದು ತಂತಿಗೂ ಒಡಲಿಗೂ ನಡುವಿನ ವೋಲ್ಟೇಜ್ ಏರುತ್ತದೆ. ಸ್ಪೈಕ್ ಬಸ್ಟರಿನೊಳಗೆ ತಂತಿಗೂ ಅರ್ಥಿಂಗಿಗೂ ನಡುವೆ ಇರುವ ರಕ್ಷಕ ಬಿಲ್ಲೆ ಅದನ್ನು ಸಿಡಿಲಿನ ಹೊಡೆತವೆಂದೇ ಭಾವಿಸಿ ವಿದ್ಯುತ್ತನ್ನು ಹರಿಯಬಿಟ್ಟು ಕಾಯತೊಡಗುತ್ತದೆ. ಹಡಗಿನಲ್ಲಿ ಎರಡು ತಂತಿಗಳೂ ಜೀವಂತ. ಅಗ್ಗದ ಸ್ಪೈಕ್ ಬಸ್ಟರಿನ ಸ್ವಿಚ್ಚು ಕಡಿಯುವುದು ಒಂದನ್ನು ಮಾತ್ರ. ಆದ್ದರಿಂದ ಆರಿಸಿದಿರೆಂದು ನೀವು ಭಾವಿಸಿದ ಮೇಲೂ ಅದು ಬಿಸಿಯಾಗುತ್ತಲೇ ಇರಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಕುರಿತು ಸುರಕ್ಷತಾ ಎಚ್ಚರಿಕೆ ಹೊರಡಿಸಿದೆ.

ಪ್ರಶ್ನೆ: ನನಗೆ ರಾತ್ರಿ ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಬೇಕೇ ಬೇಕು. ಹಾಸಿಗೆಯ ಬಳಿ ಸಾಕೆಟ್ ಇಲ್ಲದಿದ್ದರೆ ಸ್ನಾನದ ಕೋಣೆಯದಕ್ಕೆ ಹಾಕಬಹುದೇ? (ಅಮೆರಿಕದಲ್ಲಿ ಮಗಳ ಮನೆಗೆ ಬಂದಿರುವ ಓದುಗರು)

ಹಾಕಬಾರದು, ಅದರ ಅಗತ್ಯವೂ ಬೀಳದು. ವೈದ್ಯಕೀಯ ಉಪಕರಣವಿದೆ ಎಂದು ಟಿಕೆಟ್ ಕಾಯ್ದಿರಿಸುವಾಗಲೇ ಬರವಣಿಗೆಯಲ್ಲಿ ತಿಳಿಸಿ. ಅಂಥವರಿಗೆ ಹಡಗಿನವರೇ ತಮ್ಮ ಎಕ್ಸ್‌ಟೆನ್ಷನ್ ತಂತಿ ಕೊಡುತ್ತಾರೆ. ಯಂತ್ರಕ್ಕೆ ಬೇಕಾದ ಡಿಸ್ಟಿಲ್ಡ್ ವಾಟರಿನ ಏರ್ಪಾಡನ್ನೂ ಆಗಲೇ ಕೇಳಿಕೊಳ್ಳಿ. ಯಂತ್ರದ ಜೊತೆಗೇ ಬರುವ ಪವರ್ ಅಡಾಪ್ಟರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ವೋಲ್ಟೇಜ್ ಬದಲಿಸುವ ಬೇರೆ ಕನ್ವರ್ಟರ್ ಬೇಡ. ಹೆಚ್ಚಿನ ಹಡಗುಗಳ ವಿದ್ಯುತ್ತು 60 ಹರ್ಟ್ಜಿನದು, ಅದರಿಂದ ಈ ಯಂತ್ರಕ್ಕೆ ತೊಂದರೆಯಿಲ್ಲ. ಬಿಡಿ ಬ್ಯಾಟರಿ ಒಯ್ಯುವಿರಾದರೆ ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಿದರೆ ವಿಮಾನ ಕಂಪನಿಯ ಒಪ್ಪಿಗೆಯೂ ಬೇಕು. ಮಾಸ್ಕನ್ನು ಸ್ನಾನದ ಕೋಣೆಯಲ್ಲಿ ತೊಳೆಯಿರಿ, ಯಂತ್ರ ಮಾತ್ರ ಆ ಹೊಸ್ತಿಲು ದಾಟಬಾರದು.

ಪ್ರಶ್ನೆ: ಗೀಸರಿನ ಸ್ವಿಚ್ ಎಲ್ಲಿರುತ್ತದೆ?

ಗೀಸರೇ ಇರುವುದಿಲ್ಲ, ಬಿಸಿನೀರು ಕೇಂದ್ರ ವ್ಯವಸ್ಥೆಯಿಂದ ಹಗಲೂ ರಾತ್ರಿಯೂ ಬರುತ್ತದೆ.

ಪ್ರಶ್ನೆ: ಬಟ್ಟೆಗೆ ಹಬೆ ಕೊಡುವ ಸ್ಟೀಮರನ್ನು ಸ್ನಾನದ ಕೋಣೆಯಲ್ಲಿಟ್ಟು ಬಳಸಬಹುದೇ?

ಕೂಡದು. ಬಟ್ಟೆಯ ಹ್ಯಾಂಗರನ್ನು ಬೆಂಕಿ ಬಿದ್ದಾಗ ನೀರು ಚಿಮ್ಮಿಸುವ ಛಾವಣಿಯ ಸ್ಪ್ರಿಂಕ್ಲರಿಗೆ ಸಿಕ್ಕಿಸುವುದಂತೂ ಮೂರ್ಖತನದ ಪರಮಾವಧಿ: ಅದರ ಗಾಜಿನ ನಳಿಕೆ ಒಡೆದರೆ ನಿಮ್ಮ ಕ್ಯಾಬಿನ್ನಿನ ಜೊತೆಗೆ ಪಕ್ಕದವರದ್ದೂ ನೆನೆಯಬಹುದು.

ಪ್ರಶ್ನೆ: ಸೊಳ್ಳೆ ಓಡಿಸುವ ಲಿಕ್ವಿಡ್ ಮಷೀನು?

ನಡು ಸಮುದ್ರದಲ್ಲಿ ಯಾವ ಸೊಳ್ಳೆಗಾಗಿ?

ಪ್ರಶ್ನೆ: ಎಲೆಕ್ಟ್ರಿಕ್ ಟೂತ್‌ಬ್ರಷ್, ಮೊಬೈಲ್?

ಬ್ರಷ್ಷಿನ ಚಾರ್ಜರಿಗೆ ಬೇಕಾಗುವುದು ಕೆಲವೇ ವ್ಯಾಟ್, ಶೇವರ್ ಸಾಕೆಟ್ಟಿಗೆ ಅದು ಭಾರವಲ್ಲ; ಆದರೆ ತಳದಲ್ಲಿ 220–240 ವೋಲ್ಟ್ ಎಂದಷ್ಟೇ ಬರೆದಿದ್ದರೆ ಆ ಸಾಕೆಟ್ಟಿನ 115 ವೋಲ್ಟಿನ ಬದಿಗೆ ಹಾಕಿ 'ಚಾರ್ಜ್ ಆಗಲಿಲ್ಲ' ಎಂದು ಪತ್ರ ಬರೆಯಬೇಡಿ. ಮೊಬೈಲ್, ಲ್ಯಾಪ್‌ಟಾಪುಗಳ ಜಾಗ ಮೇಜು.

ಪ್ರಶ್ನೆ: ಕಿಟಕಿಯಿಲ್ಲದ ಕ್ಯಾಬಿನ್. ರಾತ್ರಿ ಸ್ನಾನದ ಕೋಣೆಗೆ ಎದ್ದಾಗ ಏನೂ ಕಾಣುವುದಿಲ್ಲ. ರಾತ್ರಿ ದೀಪ ಹಾಕಿಡಬಹುದೇ? (ಶಿವಮೊಗ್ಗದ ಹಿರಿಯ ಓದುಗರು)

ಇದು ನ್ಯಾಯವಾದ ಪ್ರಶ್ನೆ. ಒಳಗಿನ ಕ್ಯಾಬಿನ್ನಿನ ಕತ್ತಲೆಗೆ ಕಣ್ಣು ಎಷ್ಟು ಹೊತ್ತಾದರೂ ಹೊಂದಿಕೊಳ್ಳದು, ಎತ್ತರದ ಹೊಸ್ತಿಲಿಗೆ ಎಡವಿ ಮುಗ್ಗರಿಸಿದವರನ್ನು ನಾನು ನೋಡಿದ್ದೇನೆ. ಪ್ಲಗ್ಗಿಗೆ ಹಾಕುವ ದೀಪದ ಬದಲು ಸಣ್ಣ ಬ್ಯಾಟರಿಯಿಂದ ನಡೆಯುವ, ಯಾರಾದರೂ ಓಡಾಡಿದರೆ ತಾನಾಗಿ ಹೊತ್ತಿಕೊಳ್ಳುವ, ಬೆನ್ನಿಗೆ ಅಯಸ್ಕಾಂತವಿರುವ ದೀಪವನ್ನು ಒಯ್ಯಿರಿ. ಕ್ಯಾಬಿನ್ನಿನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನ ಹಾಳೆಯವಾದ್ದರಿಂದ ಅಂಟು, ಮೊಳೆ ಏನೂ ಇಲ್ಲದೆ ಅದು ಹಿಡಿದುಕೊಳ್ಳುತ್ತದೆ. ಸ್ನಾನದ ಕೋಣೆಯ ಬಾಗಿಲಿನ ಪಕ್ಕದಲ್ಲಿ, ಮೊಣಕಾಲಿನ ಎತ್ತರದಲ್ಲಿ, ಬೆಳಕು ಹೊಸ್ತಿಲ ಮೇಲೆ ಬೀಳುವಂತೆ ಇಟ್ಟುಕೊಳ್ಳಿ.